ವಾಣಿಜ್ಯ ಸಂಘಗಳ ಗೌರವ ಸಮಿತಿಗಳು ಮತ್ತು ನೀತಿ ನಿರೂಪಣೆ: ಕರ್ನಾಟಕದ ವಿದ್ಯುತ್ ದರದ ನಿದರ್ಶನ

ವರ್ತಕರು ಮತ್ತು ಉದ್ಯಮಿಗಳು ಸಂಘ ಕಟ್ಟಿಕೊಂಡು ಸರ್ಕಾರದ ಮುಂದೆ ಅಹವಾಲು ಮಂಡಿಸುವುದು ಹೊಸತಲ್ಲ. ಸಂಘದ ಅಧ್ಯಕ್ಷರ ಹೇಳಿಕೆ ಪತ್ರಿಕೆಗಳಲ್ಲಿ ಕಾಣಿಸುತ್ತದೆ; ಆ ಹೇಳಿಕೆಗೆ ಆಧಾರ ಒದಗಿಸಿದ ಉಪಸಮಿತಿ ಮಾತ್ರ ತೆರೆಮರೆಯಲ್ಲೇ ಉಳಿಯುತ್ತದೆ. ವೇತನವಿಲ್ಲದೆ ದುಡಿಯುವ ಸದಸ್ಯರಿಂದ ಕೂಡಿದ ಇಂತಹ ಸಮಿತಿಗಳ ಶಕ್ತಿಯನ್ನೂ ಮಿತಿಯನ್ನೂ ಅರಿಯಲು ವಿದ್ಯುತ್ ದರ ನಿಗದಿಯ ಪ್ರಕ್ರಿಯೆಯು ಉತ್ತಮ ನಿದರ್ಶನವಾಗಿದೆ.

ಈ ಪದ್ಧತಿಯ ಬೇರುಗಳು ಮೈಸೂರು ಸಂಸ್ಥಾನದಲ್ಲಿವೆ. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಕ್ಷೇತ್ರಗಳಿಗೆ ಮೂರು ಸಮಿತಿಗಳನ್ನು ಹೊಂದಿದ್ದು, ಅಧಿಕಾರಿಗಳೊಡನೆ ಅಧಿಕಾರೇತರರಿಗೂ ಅಲ್ಲಿ ಸ್ಥಾನವಿತ್ತು. 1916ರಲ್ಲಿ, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಲಿ ಸ್ಥಾಪನೆಗೊಂಡಿತು. ಅದೇ ಮುಂದೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿ ಬೆಳೆಯಿತು. ಹುಬ್ಬಳ್ಳಿಯಲ್ಲಿ 1928ರಲ್ಲಿ, ಮಂಗಳೂರಿನಲ್ಲಿ 1940ರಲ್ಲಿ ಪ್ರಾದೇಶಿಕ ಸಂಸ್ಥೆಗಳು ಹುಟ್ಟಿಕೊಂಡವು. ಸಣ್ಣ ಕೈಗಾರಿಕೆಗಳು 1949ರಲ್ಲಿ ಕಾಸಿಯಾ ಎಂಬ ತಮ್ಮದೇ ಸಂಘವನ್ನು ರಚಿಸಿಕೊಂಡವು.

2003ರ ವಿದ್ಯುಚ್ಛಕ್ತಿ ಅಧಿನಿಯಮದ 64ನೆಯ ಪ್ರಕರಣದಂತೆ, ದರ ಪರಿಷ್ಕರಣೆಯ ಅರ್ಜಿ ಬಂದಾಗ ಆಯೋಗವು ಸಾರ್ವಜನಿಕರ ಸಲಹೆ ಹಾಗೂ ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಸಮಿತಿಯ ನಿಜವಾದ ಕಾರ್ಯ ಈ ಅವಧಿಯಲ್ಲಿ ನಡೆಯುತ್ತದೆ. "ಬಿಲ್ಲು ಹೆಚ್ಚಾಯಿತು" ಎಂಬ ಸದಸ್ಯನ ದೂರು ಆಯೋಗದ ಮುಂದೆ ನಿಲ್ಲುವುದಿಲ್ಲ. ಎಂಜಿನಿಯರು, ಲೆಕ್ಕ ಪರಿಶೋಧಕ ಮತ್ತು ಕಾರ್ಖಾನೆಯ ಮಾಲೀಕ ಒಟ್ಟಾಗಿ ಕುಳಿತು, ವಿತರಣಾ ನಷ್ಟ, ವಿದ್ಯುತ್ ಖರೀದಿ ವೆಚ್ಚ, ನಿಗದಿತ ಶುಲ್ಕಗಳ ಅಂಕಿಗಳನ್ನು ಕಂಪನಿಯ ಅರ್ಜಿಯಿಂದಲೇ ಹೆಕ್ಕಿ ಪ್ರಶ್ನಿಸಿದಾಗ ಅದೇ ದೂರು ವಾದವಾಗುತ್ತದೆ.

2023ರ ಮೇ 12ರ ಆದೇಶವು ಯೂನಿಟ್ಟಿಗೆ ಸರಾಸರಿ 70 ಪೈಸೆಯ ಏರಿಕೆಗೆ ಅನುಮತಿ ನೀಡಿತು. ಅದರ ಭಾರ ಬಿಲ್ಲುಗಳಲ್ಲಿ ಕಾಣಿಸಿಕೊಂಡ ಬಳಿಕ, ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯು ಜೂನ್ 22ರಂದು ಬಂದ್‌ಗೆ ಕರೆ ನೀಡಿತು. ಆದೇಶಕ್ಕೆ ಮುಂಚಿನ ಅಂಕಿಅಂಶಗಳ ವಾದ ಮತ್ತು ಆದೇಶಾನಂತರದ ಬಹಿರಂಗ ಪ್ರತಿಭಟನೆ, ಇವೆರಡೂ ಸಂಘಗಳ ಕೈಯಲ್ಲಿರುವ ಸಾಧನಗಳೇ. ಆದರೆ ಮೊದಲನೆಯದಕ್ಕೆ ಅವಧಿಯ ಮಿತಿಯಿದೆ. ಆ ದಿನಗಳು ಕಳೆದರೆ ಉಳಿಯುವುದು ಮೇಲ್ಮನವಿ, ಮನವಿ ಪತ್ರ ಇಲ್ಲವೇ ಬೀದಿ.

ಇಲ್ಲಿಯೇ ಗೌರವ ಸೇವೆಯ ಮಿತಿಯೂ ಗೋಚರಿಸುತ್ತದೆ. ಸ್ವಯಂಸೇವೆಗೆ ವೇತನವಿಲ್ಲ, ಆದರೆ ಅದಕ್ಕೆ ಬೆಲೆಯಿದೆ. ದೊಡ್ಡ ಕಾರ್ಖಾನೆಯು ತನ್ನ ವಿದ್ಯುತ್ ವಿಭಾಗದ ಅಧಿಕಾರಿಯನ್ನು ಸಭೆಗೆ ಕಳುಹಿಸಬಲ್ಲದು. ತಾನೇ ಲೇತ್ ಯಂತ್ರದ ಮುಂದೆ ನಿಲ್ಲುವ ಸಣ್ಣ ಮಾಲೀಕನಿಗೆ ಒಂದು ಮಧ್ಯಾಹ್ನದ ಸಭೆಯೆಂದರೆ ಅರ್ಧ ದಿನದ ಉತ್ಪಾದನೆಯ ನಷ್ಟ. ಹೈಟೆನ್ಷನ್ ಮತ್ತು ಲೋಟೆನ್ಷನ್ ಬಳಕೆದಾರರ ದರ ವರ್ಗಗಳು ಬೇರೆಬೇರೆಯಾಗಿದ್ದು, ಅವರ ಹಿತಗಳು ಎಲ್ಲ ಸಂದರ್ಭಗಳಲ್ಲೂ ಒಂದೇ ಆಗಿರುವುದಿಲ್ಲ. ಸಭೆಗೆ ಬಾರದವನ ಹಿತವು ಮನವಿಯಲ್ಲಿ ಸೇರದೆ ಹೋದರೂ ಅದು ಸಮಸ್ತ ಉದ್ಯಮದ ಅಭಿಪ್ರಾಯವೆಂದೇ ದಾಖಲಾಗುತ್ತದೆ.

ಆದ್ದರಿಂದ ಸಮಿತಿಯ ಶಿಫಾರಸನ್ನು ಅಳೆಯುವಾಗ ಅದರ ವಾದವಷ್ಟೇ ಅಲ್ಲ, ಅದನ್ನು ರೂಪಿಸಿದ ಸಭೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂಬುದೂ ಮುಖ್ಯವಾಗುತ್ತದೆ. ಹಾಜರಾತಿ ಹಾಗೂ ನಡಾವಳಿಗಳನ್ನು ಕಾಪಾಡಿ ಸದಸ್ಯರಿಗೆ ತೆರೆದಿಡುವ ಸಂಘವು ತನ್ನ ಪ್ರಾತಿನಿಧ್ಯಕ್ಕೆ ತಾನೇ ಸಾಕ್ಷ್ಯ ಒದಗಿಸಿಕೊಂಡಂತಾಗುತ್ತದೆ.