ಹಿತ್ತಲ ಕಾರ್ಖಾನೆಗೊಂದು ಸಾಕೆಟ್ಟು

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಷ್ಟು ಹಿಂದೆಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೆಂದು ನಾವೆಲ್ಲರೂ ಹೆಮ್ಮೆಪಡುತ್ತೇವೆ. ಅಷ್ಟು ದೂರ ಸಾಗಬಲ್ಲ ಶಕ್ತಿಯು ಗೋಡೆಯ ಸಾಕೆಟ್ಟಿನೊಳಗಿನ ಚೂರು ಹಿತ್ತಾಳೆಯಲ್ಲಿ ಎಡವುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ನಾನೂ ಗಮನಿಸಿರಲಿಲ್ಲ.

ನಮ್ಮ ತಂದೆಯವರು ಹಿತ್ತಲಿನ ತಗಡಿನ ಮಾಡಿನಡಿ ಬಡಗಿ ಕೆಲಸ ಮಾಡುತ್ತಾರೆ. ಕಳೆದ ವರ್ಷ ಮರ ಕೊಯ್ಯುವ ಯಂತ್ರ ಓಡುತ್ತಿರುವಾಗಲೇ ಸಾಕೆಟ್ಟು ಕರಗಿ, ಕೆಳಗಿದ್ದ ಮರದ ಹೊಟ್ಟಿಗೆ ಕಿಡಿ ಬಿತ್ತು. ಮೇನ್ ಆರಿಸಿ ಮರಳು ಸುರಿದೆವು. ನಾಲ್ಕು ಹಲಗೆಗಳಷ್ಟೆ ಹೋದುವು. ಮಗ್ಗುಲಲ್ಲೇ ಒಣಹುಲ್ಲಿನ ಮೆದೆಯಿತ್ತು.

ಕಾರಣವನ್ನು ವಿಚಾರಿಸಿದೆ. (ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ವಿಜ್ಞಾನದ ಮಿತ್ರರು ಮನ್ನಿಸಬೇಕು.) ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆಯು ಪ್ಲಗ್ಗಿನ ಕಡ್ಡಿಯನ್ನು ಬಿಗಿಯಾಗಿ ಅಪ್ಪಿರಬೇಕು. ಸಡಿಲವಾದರೆ ಕೂಡುವ ಜಾಗ ಕಿರಿದಾಗಿ, ರೋಧ ಹೆಚ್ಚಿ, ಅಲ್ಲಿ ಬಿಸಿಯೇರುತ್ತದೆ. ಬಿಸಿಗೆ ಹಿಡಿಕೆಯ ಬಿಗುವು ಇನ್ನಷ್ಟು ಕುಂದುತ್ತದೆ. ಪ್ರವಾಹ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. 6 ಆಂಪಿಯರಿನ ಸಾಕೆಟ್ಟು 230 ವೋಲ್ಟಿನಲ್ಲಿ 1380 ವಾಟ್‌ಗೆ ಮಾತ್ರ ಸಾಕು. ಮೋಟಾರು ಹೊರಡುವ ಕ್ಷಣದಲ್ಲಿ ಅದು ಎಳೆಯುವುದು ಅದರ ಹಲವು ಪಟ್ಟು. ಆದುದರಿಂದ ಯಂತ್ರಗಳಿಗೆ 16 ಆಂಪಿಯರಿನದೇ ಬೇಕು. ಅದಕ್ಕೆ ಬೋರ್ಡಿನಿಂದಲೇ ಬೇರೆಯಾಗಿ ಬಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿಯೂ ತನ್ನದೇ ಎಂ.ಸಿ.ಬಿ.ಯೂ ಇರಬೇಕು. ತಂತಿ ಸಣ್ಣದಾದರೆ ಸಾಕೆಟ್ಟು ಎಷ್ಟು ಒಳ್ಳೆಯದಾದರೇನು?

ಅಂಗಡಿಯಲ್ಲಿ "ಇದೂ ಅದೇ ಕಣಪ್ಪ, ತಗೊ" ಎಂದು ಅಗ್ಗದ್ದನ್ನು ಮುಂದಿಡುತ್ತಾರೆ. ಐ.ಎಸ್.ಐ. ಗುರುತೂ ಐ.ಎಸ್. 1293 ಎಂಬ ಸಂಖ್ಯೆಯೂ ಇವೆಯೇ ನೋಡಿರಿ. ಪ್ಲಗ್ಗೊಂದನ್ನು ಕೇಳಿ ಪಡೆದು ಸಿಕ್ಕಿಸಿ ಎಳೆಯಿರಿ. ಕೈಗೆ ಬಿಗಿ ತಿಳಿಯಬೇಕು. ಪ್ಲಗ್ಗು ತೂರಿದಾಗ ಮಾತ್ರ ತೆರೆಯುವ ಶಟರ್ ಇದ್ದರೆ ಹೊಟ್ಟು ಒಳಹೋಗುವುದು ಕಡಮೆ, ಮಕ್ಕಳ ಕೈಯ ಕಡ್ಡಿಯೂ ಹೋಗದು.

ಮೂರನೆಯ ರಂಧ್ರದ ವಿಷಯ ಇನ್ನೂ ಮುಖ್ಯ. ನಮ್ಮ ಕಡೆ ಬೆಂಕಿಕಡ್ಡಿ ಸಿಕ್ಕಿಸಿ ಬರಿಯ ತಂತಿಯನ್ನೇ ತೂರುವವರುಂಟು. ಅವರಿಗೆ ಆ ರಂಧ್ರ ಅಲಂಕಾರ. ಪ್ಲಗ್ಗಿನ ಅರ್ತ್ ಕಡ್ಡಿಯನ್ನು ಉದ್ದವಾಗಿ ಮಾಡಿರುವುದೇ ಅದು ಮೊದಲು ಕೂಡಿ ಕೊನೆಗೆ ಬಿಡಲೆಂದು. ಯಂತ್ರದ ಮೈಗೆ ಕರೆಂಟು ಇಳಿದರೆ ಅದು ಮನುಷ್ಯನ ಮೈಯನ್ನು ಬಿಟ್ಟು ಆ ದಾರಿ ಹಿಡಿಯಬೇಕು. ಜತೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಸೋರಿಕೆ ಕಂಡೊಡನೆ ಕಡಿದುಬಿಡುತ್ತದೆ.

ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿದರಷ್ಟೆ ಸಾಲದು, ಮಣ್ಣು ಒಣಗಬಾರದು. ಈಗ ಬೇಸಗೆಯಲ್ಲಿ ನಮ್ಮವ್ವ ತುಳಸಿಗೆ ನೀರೆರೆದ ಮೇಲೆ ಆ ಗುಂಡಿಗೂ ಒಂದು ಕೊಡ ಸುರಿಯುತ್ತಾಳೆ.