ರೀಲ್ಸ್‌ನಲ್ಲಿ 1,368 ಕೋಟಿ, ಕೈಗೆ ಗ್ಯಾರಂಟಿ ಎಷ್ಟು? ಅಮೆರಿಕದ ವೈಡ್ ರಿಸೀವರ್‌ಗಳ ಒಪ್ಪಂದದ ಲೆಕ್ಕ

ಹೋದ ವಾರ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಒಂದು ರೀಲ್ಸ್ ಕೈಯಿಂದ ಕೈಗೆ ಓಡಾಡ್ತಿತ್ತು. ಹೆಲ್ಮೆಟ್ ಹಾಕಿದ ಒಬ್ಬ ಆಟಗಾರ ಓಡ್ತಾನೆ, ಎಗರಿ ಮೊಟ್ಟೆ ಆಕಾರದ ಚೆಂಡು ಹಿಡೀತಾನೆ. ಕೆಳಗೆ ದಪ್ಪ ಅಕ್ಷರದಲ್ಲಿ "1,368 ಕೋಟಿ ರೂಪಾಯಿ" ಅಂತ ಬರೆದಿತ್ತು. ಪಕ್ಕದ ಬಟ್ಟೆ ಅಂಗಡಿ ಮಾಲೀಕರು ನನ್ನ ಕಡೆ ತಿರುಗಿ, "ನೀನು ಪೇಪರ್‌ನೋನಲ್ವೇನಪ್ಪ, ಇದು ನಿಜಾನಾ ಹೇಳು" ಅಂದರು. "ನಿಜಾನೇ ಯಜಮಾನ್ರೆ, ಆದ್ರೆ ಪೂರ್ತಿ ನಿಜ ಅಲ್ಲ" ಅಂದೆ. ಅಲ್ಲಿ ನಿಂತು ಹೇಳೋಕೆ ಆಗದೆ ಉಳಿದದ್ದನ್ನ ಇಲ್ಲಿ ಬರೀತಿದ್ದೀನಿ.

ಆ ಆಟಗಾರನ ಹೆಸರು ಜಮಾರ್ ಚೇಸ್. ಅಮೆರಿಕದ ಎನ್‌ಎಫ್‌ಎಲ್ ಲೀಗ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ವೈಡ್ ರಿಸೀವರ್. ಈ ಆಟ ನಾವು ನೋಡೋ ಫುಟ್‌ಬಾಲ್ ಅಲ್ಲ. ಇಲ್ಲಿ ಚೆಂಡನ್ನ ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡ್ತಾರೆ, ಎಸೀತಾರೆ. ಎಸೆಯೋನು ಕ್ವಾರ್ಟರ್‌ಬ್ಯಾಕ್. ಮೈದಾನದ ಅಂಚಿನಿಂದ ಓಡಿ, ಹಿಂದೆ ಬಿದ್ದ ಎದುರಾಳಿಯನ್ನ ತಪ್ಪಿಸಿ ಆ ಚೆಂಡನ್ನ ಹಿಡಿಯೋನು ವೈಡ್ ರಿಸೀವರ್. ಎಷ್ಟು ದೂರ ಮುಂದೆ ಹೋದ ಅನ್ನೋದನ್ನ ಯಾರ್ಡ್‌ನಲ್ಲಿ ಅಳೀತಾರೆ, ಅಂದ್ರೆ ಬಟ್ಟೆ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರೋ ಗಜ. 2024ರ ಸೀಸನ್‌ನಲ್ಲಿ ಚೇಸ್ 127 ಚೆಂಡು ಹಿಡಿದು, 1,708 ಗಜ ಸಾಗಿ, 17 ಟಚ್‌ಡೌನ್ ಹೊಡೆದರು. ಮೂರರಲ್ಲೂ ಲೀಗ್‌ಗೇ ಮೊದಲಿಗರು.

ಆಮೇಲೆ 2025ರ ಮಾರ್ಚ್‌ನಲ್ಲಿ ಒಪ್ಪಂದ ಆಯ್ತು. ನಾಲ್ಕು ವರ್ಷಕ್ಕೆ 16.1 ಕೋಟಿ ಡಾಲರ್, ವರ್ಷಕ್ಕೆ ಸರಾಸರಿ 4.02 ಕೋಟಿ ಡಾಲರ್. ಕ್ವಾರ್ಟರ್‌ಬ್ಯಾಕ್‌ಗಳನ್ನ ಬಿಟ್ಟರೆ ಆ ಹೊತ್ತಿಗೆ ಅದೇ ಅತಿ ದೊಡ್ಡ ಸರಾಸರಿ. ಡಾಲರ್‌ಗೆ 85 ರೂಪಾಯಿ ಹಿಡಿದರೆ ರೀಲ್ಸ್‌ನ 1,368 ಕೋಟಿ ಸರಿಯಾಗೇ ಬರುತ್ತೆ. ಲೆಕ್ಕ ತಪ್ಪಿಲ್ಲ. ಆದ್ರೆ ಅದು ಪ್ಯಾಕೆಟ್ ಮೇಲೆ ಪ್ರಿಂಟ್ ಆದ ಎಂಆರ್‌ಪಿ ಇದ್ದ ಹಾಗೆ. ವ್ಯಾಪಾರ ಯಾವ ರೇಟಿಗೆ ಆಯ್ತು ಅನ್ನೋದು ಬೇರೆ ಮಾತು.

ನೋಡಬೇಕಾದ ಅಂಕಿ ಗ್ಯಾರಂಟಿ ಹಣ. (ಗ್ಯಾರಂಟಿ ಅಂದ ತಕ್ಷಣ ನಮ್ಮಲ್ಲಿ ಬೇರೆಯೇ ಚರ್ಚೆ ಶುರುವಾಗುತ್ತೆ, ಇದು ಆ ಗ್ಯಾರಂಟಿ ಅಲ್ಲ.) ಎನ್‌ಎಫ್‌ಎಲ್‌ನಲ್ಲಿ ನಾಲ್ಕು ವರ್ಷಕ್ಕೆ ಸಹಿ ಹಾಕಿದರೂ ತಂಡ ಎರಡೇ ವರ್ಷಕ್ಕೆ ಆಟಗಾರನನ್ನ ಕೈಬಿಡಬಹುದು. ಆಗ ಗ್ಯಾರಂಟಿ ಅಂತ ಬರೆದ ದುಡ್ಡು ಕೊಡಬೇಕು, ಉಳಿದ ವರ್ಷಗಳ ಸಂಬಳ ಕೊಡಬೇಕಾಗಿಲ್ಲ. ಅಂಗಡಿ ಭಾಷೆಯಲ್ಲಿ ಹೇಳೋದಾದ್ರೆ ಗ್ಯಾರಂಟಿ ಅನ್ನೋದು ಗಲ್ಲಾಕ್ಕೆ ಬಿದ್ದ ದುಡ್ಡು, ಉಳಿದದ್ದು ಉದ್ರಿ ಪುಸ್ತಕ. ಚೇಸ್‌ಗೆ ಗ್ಯಾರಂಟಿ ಆಗಿದ್ದು 11.2 ಕೋಟಿ ಡಾಲರ್, ಅಂದರೆ ಸುಮಾರು 952 ಕೋಟಿ ರೂಪಾಯಿ. ಬಾಕಿ 416 ಕೋಟಿ ಬರೋದು ತಂಡ ಅವರನ್ನ ಪೂರ್ತಿ ಅವಧಿಗೆ ಇಟ್ಟುಕೊಂಡರೆ ಮಾತ್ರ.

ಗ್ಯಾರಂಟಿಯಲ್ಲೂ ಎರಡು ಥರ ಇದೆ. ಒಂದು, ಸಹಿ ಹಾಕಿದ ದಿನವೇ ಪಕ್ಕಾ ಆಗೋದು. ಇನ್ನೊಂದು, ಮೊದಲಿಗೆ ಗಾಯಕ್ಕೆ ಮಾತ್ರ ಅನ್ವಯಿಸಿ, ಮುಂದಿನ ಯಾವುದೋ ತಾರೀಖಿಗೆ ಆಟಗಾರ ಇನ್ನೂ ತಂಡದಲ್ಲಿದ್ದರೆ ಪೂರ್ತಿ ಪಕ್ಕಾ ಆಗೋದು. ಇಲ್ಲೇ ಮಿನ್ನೆಸೋಟ ವೈಕಿಂಗ್ಸ್‌ನ ಜಸ್ಟಿನ್ ಜೆಫರ್ಸನ್ ನೆನಪಾಗ್ತಾರೆ. 2024ರ ಜೂನ್‌ನಲ್ಲಿ ಅವರ ಒಪ್ಪಂದ ನಾಲ್ಕು ವರ್ಷಕ್ಕೆ 14 ಕೋಟಿ ಡಾಲರ್, ವರ್ಷಕ್ಕೆ 3.5 ಕೋಟಿ. ಚೇಸ್‌ಗಿಂತ 2.1 ಕೋಟಿ ಡಾಲರ್ ಕಡಿಮೆ ಅನ್ಸುತ್ತೆ. ಆದ್ರೆ ಒಟ್ಟು ಗ್ಯಾರಂಟಿ 11 ಕೋಟಿ, ಹೆಚ್ಚುಕಡಿಮೆ ಚೇಸ್‌ನಷ್ಟೇ. ಅದರಲ್ಲಿ ಸಹಿಯ ದಿನವೇ ಪಕ್ಕಾ ಆಗಿದ್ದು 8.87 ಕೋಟಿ. ಚೇಸ್‌ಗೆ ಆ ದಿನ ಪಕ್ಕಾ ಆಗಿದ್ದು ಸುಮಾರು 7.4 ಕೋಟಿ. ರೀಲ್ಸ್‌ನಲ್ಲಿ ಚೇಸ್ ಗೆದ್ದರು, ಗಲ್ಲಾದಲ್ಲಿ ಜೆಫರ್ಸನ್ ಗೆದ್ದರು ಅಂತ ನನ್ನ ಲೆಕ್ಕ. ತಮಾಷೆ ಅಂದ್ರೆ ಇವರಿಬ್ಬರೂ 2019ರಲ್ಲಿ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ ಒಂದೇ ತಂಡದಲ್ಲಿ ಆಡಿ ಚಾಂಪಿಯನ್ ಆದವರು. ಅವರಿಗೆ ಚೆಂಡು ಎಸೀತಿದ್ದ ಜೋ ಬರೋ ಈಗ ಬೆಂಗಾಲ್ಸ್‌ನಲ್ಲಿ ಚೇಸ್‌ಗೇ ಎಸೀತಾರೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಕಾಲೇಜ್ ಟೀಮ್ ಅಂದ್ರೆ ಏನು ಅಂತ ಇದನ್ನ ಓದಿದಾಗ ಸ್ವಲ್ಪ ಹೊಟ್ಟೆ ಉರೀತು.

ಗ್ಯಾರಂಟಿ ಪಾಲಲ್ಲಿ ಇನ್ನೂ ಜಾಣರೊಬ್ಬರಿದ್ದಾರೆ. ಫಿಲಡೆಲ್ಫಿಯಾ ಈಗಲ್ಸ್‌ನ ಎ.ಜೆ. ಬ್ರೌನ್ 2024ರ ಏಪ್ರಿಲ್‌ನಲ್ಲಿ ಮಾಡಿಕೊಂಡಿದ್ದು ಮೂರೇ ವರ್ಷಕ್ಕೆ, 9.6 ಕೋಟಿ ಡಾಲರ್‌ಗೆ. ಅದರಲ್ಲಿ 8.4 ಕೋಟಿ ಗ್ಯಾರಂಟಿ, ನೂರಕ್ಕೆ 87 ಪಾಲು. ಅದೇ ತಿಂಗಳು ಡೆಟ್ರಾಯಿಟ್ ಲಯನ್ಸ್‌ನ ಅಮೋನ್-ರಾ ಸೇಂಟ್ ಬ್ರೌನ್ ನಾಲ್ಕು ವರ್ಷಕ್ಕೆ 12 ಕೋಟಿ ಬರೆಸಿಕೊಂಡರು, ಗ್ಯಾರಂಟಿ 7.7 ಕೋಟಿ, ನೂರಕ್ಕೆ 64 ಪಾಲು. ಹೆಡ್‌ಲೈನ್ ಆಗೋದು 12 ಕೋಟಿ. ನನ್ನ ಕೇಳಿದ್ರೆ 9.6 ಕೋಟಿಯದ್ದೇ ಗಟ್ಟಿ ವ್ಯಾಪಾರ.

ಪ್ರಿಂಟ್ ರೇಟು ಎಷ್ಟು ಮೋಸ ಮಾಡುತ್ತೆ ಅಂತ ನೋಡಬೇಕಂದ್ರೆ 2022ಕ್ಕೆ ಹೋಗಬೇಕು. ಆ ವರ್ಷದ ಮಾರ್ಚ್‌ನಲ್ಲಿ ಡವಾಂಟೆ ಆಡಮ್ಸ್ ಗ್ರೀನ್ ಬೇ ಬಿಟ್ಟು ಲಾಸ್ ವೇಗಸ್ ರೇಡರ್ಸ್ ಸೇರಿದರು. ಐದು ವರ್ಷಕ್ಕೆ 14 ಕೋಟಿ ಡಾಲರ್, ವರ್ಷಕ್ಕೆ 2.8 ಕೋಟಿ ಅಂತ ಎಲ್ಲ ಕಡೆ ಸುದ್ದಿ. ಒಳಗೆ ನೋಡಿದರೆ ಕೊನೆಯ ಎರಡು ವರ್ಷಕ್ಕೇ ತಲಾ 3.5 ಕೋಟಿಗಿಂತ ಹೆಚ್ಚು ತುಂಬಿಸಿದ್ದರು. ಮೊದಲ ಮೂರು ವರ್ಷದ ಸರಾಸರಿ ಬರೀ 2.25 ಕೋಟಿ. ಆ ಕೊನೆಯ ಎರಡು ವರ್ಷದ ದುಡ್ಡು ಆಡಮ್ಸ್ ಕೈಗೆ ಬರಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಅವರನ್ನ ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟರು, 2025ರ ಮಾರ್ಚ್‌ನಲ್ಲಿ ಜೆಟ್ಸ್ ಕೈಬಿಟ್ಟಿತು. ಕೊನೆಗೆ ಲಾಸ್ ಏಂಜಲಿಸ್ ರ‍್ಯಾಮ್ಸ್ ಜೊತೆ ಎರಡು ವರ್ಷಕ್ಕೆ 4.4 ಕೋಟಿ ಡಾಲರ್‌ಗೆ ಹೊಸದಾಗಿ ಸಹಿ ಹಾಕಿದರು. ಏಜೆಂಟ್‌ಗೆ ದೊಡ್ಡ ನಂಬರ್ ಬೇಕು, ತಂಡಕ್ಕೆ ಅದನ್ನ ಕೊಡದೆ ತಪ್ಪಿಸಿಕೊಳ್ಳೋ ದಾರಿ ಬೇಕು. ಕೊನೆಯ ವರ್ಷದ ಉಬ್ಬಿದ ಅಂಕಿ ಇಬ್ಬರಿಗೂ ಅನುಕೂಲ.

ಟೈರೀಕ್ ಹಿಲ್ ಕೂಡ ಅದೇ ತಿಂಗಳು ಕಾನ್ಸಾಸ್ ಸಿಟಿಯಿಂದ ಮಯಾಮಿಗೆ ಹೋದವರು. ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್, ಅದರಲ್ಲಿ ಕೊನೆಯ ಒಂದೇ ವರ್ಷಕ್ಕೆ ಸುಮಾರು 4.5 ಕೋಟಿ. ಆದ್ರೆ ಹಿಲ್ ಸುಮ್ಮನೆ ಕಾಯಲಿಲ್ಲ. 2023ರಲ್ಲಿ 1,799 ಗಜ ಓಡಿದ ಬಲದ ಮೇಲೆ 2024ರಲ್ಲಿ ಒಪ್ಪಂದ ತಿದ್ದಿಸಿ 5.4 ಕೋಟಿ ಡಾಲರ್ ಗ್ಯಾರಂಟಿ ಬರೆಸಿಕೊಂಡರು. 2025ರ ಸೆಪ್ಟೆಂಬರ್ 29ರಂದು ಜೆಟ್ಸ್ ವಿರುದ್ಧ ಆಡುವಾಗ ಅವರ ಮೊಣಕಾಲು ಕೀಲು ತಪ್ಪಿತು. ಸೀಸನ್ ಅಲ್ಲಿಗೇ ಮುಗೀತು.

ಈ ಮೊಣಕಾಲಿನ ಭಯವೇ ಗ್ಯಾರಂಟಿ ಜಗಳದ ಮೂಲ. ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್‌ನ ಬ್ರ್ಯಾಂಡನ್ ಅಯೂಕ್ ತಿಂಗಳುಗಟ್ಟಲೆ ಎಳೆದಾಡಿ 2024ರ ಆಗಸ್ಟ್ ಕೊನೆಗೆ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್‌ಗೆ ಒಪ್ಪಿಕೊಂಡರು, ಗ್ಯಾರಂಟಿ 7.6 ಕೋಟಿ. ಎರಡು ತಿಂಗಳೂ ತುಂಬಿರಲಿಲ್ಲ, ಅಕ್ಟೋಬರ್‌ನಲ್ಲಿ ಮೊಣಕಾಲಿನ ಎಸಿಎಲ್ ಹರೀತು. ಸಹಿ ಹಾಕದೆ ಇನ್ನೂ ಹಠ ಮಾಡಿದ್ದರೆ ಗತಿ ಏನು ಅಂತ ಯೋಚನೆ ಮಾಡಿ. ಹಾಗಂತ ಗ್ಯಾರಂಟಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಹೇಳಿದ ಕಡೆ ಬರಲಿಲ್ಲ, ಅಮಾನತಾದರು ಅನ್ನೋ ಷರತ್ತುಗಳ ಮೇಲೆ ತಂಡ ಅದನ್ನ ವಾಪಸ್ ತಗೋಬಹುದು. ಅಯೂಕ್ ಅವರ 2026ರ ಗ್ಯಾರಂಟಿಯನ್ನ ತಂಡ ರದ್ದು ಮಾಡಿದೆ ಅಂತ 2025ರ ನವೆಂಬರ್‌ನಲ್ಲಿ ವರದಿಯಾಯಿತು.

ಇನ್ನು ಮಾಲೀಕರ ಎರಡನೇ ಪ್ರಶ್ನೆ: "ಇವರ ರೇಟು ವರ್ಷ ವರ್ಷ ಹಿಂಗೆ ಏರೋದ್ಯಾಕೆ?" ಐಪಿಎಲ್ ಹರಾಜು ನೋಡೋರಿಗೆ ಇದು ಸುಲಭ. 2025ರ ಸೀಸನ್‌ಗೆ ಐಪಿಎಲ್‌ನಲ್ಲಿ ಒಂದೊಂದು ತಂಡದ ಪರ್ಸ್ 120 ಕೋಟಿ ರೂಪಾಯಿ ಇತ್ತು. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದರು, ಅಂದರೆ ಪರ್ಸ್‌ನ ಸುಮಾರು ನೂರಕ್ಕೆ 12 ಪಾಲು. ಎನ್‌ಎಫ್‌ಎಲ್‌ನಲ್ಲೂ ಅಂಥದ್ದೇ ಮಿತಿ ಇದೆ, ಸ್ಯಾಲರಿ ಕ್ಯಾಪ್ ಅಂತಾರೆ. ಟಿವಿ ಹಕ್ಕು ಮತ್ತಿತರ ಆದಾಯ ಏರಿದ ಹಾಗೆ ಅದೂ ಏರುತ್ತೆ. 2022ರಲ್ಲಿ ತಂಡಕ್ಕೆ 20.82 ಕೋಟಿ ಡಾಲರ್ ಇದ್ದದ್ದು 2025ಕ್ಕೆ 27.92 ಕೋಟಿ ಆಯ್ತು.

ಈಗ ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ. 2022ರಲ್ಲಿ ಹಿಲ್ ಅವರ ಪ್ರಿಂಟ್ ರೇಟು ವರ್ಷಕ್ಕೆ 3 ಕೋಟಿ, ಕ್ಯಾಪ್‌ನ ನೂರಕ್ಕೆ 14.4 ಪಾಲು. 2025ರಲ್ಲಿ ಚೇಸ್ ಅವರ 4.02 ಕೋಟಿಯೂ ಕ್ಯಾಪ್‌ನ ನೂರಕ್ಕೆ 14.4 ಪಾಲೇ! ಮೂರು ವರ್ಷದಲ್ಲಿ ವರ್ಷದ ರೇಟು ಒಂದು ಕೋಟಿ ಡಾಲರ್ ಏರಿತು, ಪಾಲು ಏರಲಿಲ್ಲ. ಇದನ್ನ ನೋಡಿ ನಾನೇ ಎರಡು ಸಲ ಒತ್ತಿ ಪರೀಕ್ಷೆ ಮಾಡಿದೆ. ಆದ್ರೆ ಹಿಲ್ ಅವರ ಉಬ್ಬಿದ ಕೊನೆಯ ವರ್ಷ ತೆಗೆದರೆ ಅವರ ನಿಜವಾದ ಸರಾಸರಿ 2.5 ಕೋಟಿ, ಪಾಲು 12ಕ್ಕೆ ಇಳಿಯುತ್ತೆ. ಹಾಗಾಗಿ ರೇಟು ಸ್ವಲ್ಪ ಏರಿರೋದೂ ಹೌದು, ರೀಲ್ಸ್ ಹೇಳೋವಷ್ಟು ಅಲ್ಲ ಅಷ್ಟೆ.

ಈ ಪಾಲಿನ ಲೆಕ್ಕ ತಂಡಕ್ಕೆ ಜೀವ ಹಿಂಡುತ್ತೆ. ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಬರೋಗೆ ವರ್ಷಕ್ಕೆ ಸರಾಸರಿ 5.5 ಕೋಟಿ, ಚೇಸ್‌ಗೆ 4.02, ಚೇಸ್ ಜೊತೆಗೇ ಸಹಿ ಹಾಕಿದ ಇನ್ನೊಬ್ಬ ರಿಸೀವರ್ ಟೀ ಹಿಗಿನ್ಸ್‌ಗೆ 2.87. ಮೂರು ಜನರ ಸರಾಸರಿ ಕೂಡಿದರೆ 12.4 ಕೋಟಿ, 2025ರ ಕ್ಯಾಪ್‌ನ ನೂರಕ್ಕೆ 44 ಪಾಲು. ವರ್ಷವಾರು ಲೆಕ್ಕದಲ್ಲಿ ಬೋನಸ್ ಹಂಚಿ ಇದನ್ನ ಸ್ವಲ್ಪ ಹಿಂದೆ ಮುಂದೆ ತಳ್ತಾರೆ, ಆದ್ರೆ ಒಂದಲ್ಲ ಒಂದು ದಿನ ಕಟ್ಟಲೇಬೇಕು. ಉಳಿದದ್ದರಲ್ಲಿ 53 ಜನರ ತಂಡದ ಬಾಕಿ 50 ಜನರನ್ನ ಸಾಕಬೇಕು. ಚೇಸ್ ಮೂರರಲ್ಲೂ ಮೊದಲು ಬಂದ 2024ರಲ್ಲೇ ಬೆಂಗಾಲ್ಸ್ ಪ್ಲೇಆಫ್‌ಗೂ ಹೋಗಲಿಲ್ಲ.

"ಹಾಗಾದ್ರೆ ಕಡಿಮೆ ರೇಟಿಗೆ ಒಳ್ಳೆ ಮಾಲು ಯಾರತ್ರ ಇದೆ?" ಅಂದರು ಮಾಲೀಕರು. ವ್ಯಾಪಾರಸ್ಥರ ಬುದ್ಧಿ ನೋಡಿ, ಸರಿಯಾದ ಜಾಗಕ್ಕೇ ಬಂದರು. 2011ರಿಂದ ಹೊಸ ಆಟಗಾರರ ಸಂಬಳ, ಆಯ್ಕೆಯಾದ ಕ್ರಮಾಂಕದ ಮೇಲೆ ಹೆಚ್ಚುಕಡಿಮೆ ಮೊದಲೇ ನಿಗದಿ. ಚೌಕಾಶಿಗೆ ಜಾಗ ಕಡಿಮೆ, ನಾಲ್ಕು ವರ್ಷದ ಒಪ್ಪಂದ, ಮೂರು ಸೀಸನ್ ಮುಗಿಯೋವರೆಗೆ ತಿದ್ದುವ ಹಾಗಿಲ್ಲ. ಜೆಫರ್ಸನ್ 2022ರಲ್ಲಿ 1,809 ಗಜ ಓಡಿ ಲೀಗ್‌ಗೇ ಮೊದಲಿಗರಾದಾಗ ಅವರ ಪೂರ್ತಿ ನಾಲ್ಕು ವರ್ಷದ ಒಪ್ಪಂದ ಬರೀ 1.3 ಕೋಟಿ ಡಾಲರ್‌ನದ್ದು. ರ‍್ಯಾಮ್ಸ್‌ನ ಪುಕಾ ನಕುವಾ ಕತೆ ಇನ್ನೂ ಜೋರು. 2023ರಲ್ಲಿ ಐದನೇ ಸುತ್ತಿನಲ್ಲಿ, 177ನೇಯವರಾಗಿ ಆಯ್ಕೆಯಾದ ಹುಡುಗ. ಮೊದಲ ವರ್ಷವೇ 105 ಚೆಂಡು ಹಿಡಿದು 1,486 ಗಜ ಸಾಗಿದರು. ಮೊದಲ ವರ್ಷದ ಆಟಗಾರರ ಪೈಕಿ ಎರಡೂ ಆಗ ದಾಖಲೆ. ನಾಲ್ಕು ವರ್ಷಕ್ಕೆ ಅವರ ಒಪ್ಪಂದ ಸುಮಾರು 40 ಲಕ್ಷ ಡಾಲರ್. ಚೇಸ್‌ಗೆ ವರ್ಷಕ್ಕೆ ಸಿಗೋದರ ಹತ್ತನೇ ಒಂದು ಪಾಲು, ಅದೂ ನಾಲ್ಕು ವರ್ಷ ಸೇರಿಸಿ.

ಸುದ್ದಿಗಿಷ್ಟು ಅಂತ ದುಡಿಯೋ ನನ್ನಂಥ ಸ್ಟ್ರಿಂಗರ್‌ಗೆ 40 ಲಕ್ಷ ಡಾಲರ್ ಕಡಿಮೆ ಅಂತ ಬರೆಯೋಕೆ ಕೈ ಬರಲ್ಲ. ಆದ್ರೆ ಆ ಮೂರು ವರ್ಷದಲ್ಲಿ ಮೊಣಕಾಲು ಹೋಗಿದ್ದರೆ ದೊಡ್ಡ ಒಪ್ಪಂದದ ಬಾಗಿಲೇ ಮುಚ್ಚಿಬಿಡಬಹುದಿತ್ತು. ನಿಯಮದ ಪ್ರಕಾರ ನಕುವಾ ಹೊಸ ಒಪ್ಪಂದಕ್ಕೆ ಅರ್ಹರಾಗೋದು 2025ರ ಸೀಸನ್ ಮುಗಿದ ಮೇಲೆ.