ಎದ್ದು ನಿಂತ ಟೈಲು

ಡಿಸೆಂಬರ್ ಕೊನೆಯ ವಾರ, ಬೆಳಗಿನ ಜಾವ ಐದರ ಹೊತ್ತು. ನಡುಮನೆಯಲ್ಲಿ ಢಬ್ ಎಂದು ಸದ್ದಾಯಿತು. ಗಾಬರಿಯಿಂದ ಎದ್ದು ಬಂದು ಲೈಟ್ ಹಾಕಿದೆ. ಸೋಫಾ ಪಕ್ಕದ ಎರಡು ಟೈಲುಗಳು ಒಂದಕ್ಕೊಂದು ತಲೆ ಆನಿಸಿಕೊಂಡು, ಗುಡಿಸಲಿನ ಮಾಡಿನ ಹಾಗೆ ಎದ್ದು ನಿಂತಿದ್ದವು. ಒಂದೂ ಒಡೆದಿರಲಿಲ್ಲ. ಕೆಳಗಿನ ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಟೈಲಿನ ಬೆನ್ನು ಮಾತ್ರ ಅದೇ ತಾನೇ ಪೆಟ್ಟಿಗೆಯಿಂದ ತೆಗೆದಂತೆ ಚೊಕ್ಕಟವಾಗಿತ್ತು. ಮನೆ ಕಟ್ಟಿಸಿ ಮೂರೇ ವರ್ಷ.

ಸಂಜೆ ಹಿರಿಯ ಮೇಸ್ತ್ರಿಯೊಬ್ಬರು ಬಂದು ಕೂತು, ಐದು ರೂಪಾಯಿ ನಾಣ್ಯದಿಂದ ಟೈಲುಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಕೆಲವು ಟಕ್ ಟಕ್ ಎಂದವು. ಹೆಚ್ಚಿನವು ಬರಿ ಕೊಡದ ಹಾಗೆ ದೊಗ್ ದೊಗ್ ಎಂದವು. “ಟೊಳ್ಳು ಸಾರ್, ಅರ್ಧ ಹಾಲು ಟೊಳ್ಳೇ. ಹಿಡ್ಕಂಡೇ ಇಲ್ಲ, ಸುಮ್ನೆ ಕೂತೈತೆ ಅಷ್ಟೆ” ಎಂದರು.

ಮೂರು ವರ್ಷ ನಾವು ಓಡಾಡಿದ್ದು ಬರೀ ಕೂತಿದ್ದ ಟೈಲುಗಳ ಮೇಲೆ. ಅವು ಯಾಕೆ ಹಿಡಿಯಲಿಲ್ಲ ಎಂಬುದು ಅವುಗಳ ಬೆನ್ನಲ್ಲೇ ಗೊತ್ತಾಗುತ್ತದೆ. ಬಚ್ಚಲ ಗೋಡೆಗೆ ಹಾಕುವ ಸೆರಾಮಿಕ್ ಟೈಲನ್ನು ಮಗುಚಿ ಒಂದು ಹನಿ ನೀರು ಬಿಡಿ. ನೋಡುತ್ತಿದ್ದ ಹಾಗೇ ಇಂಗಿಹೋಗುತ್ತದೆ. ಅಂಥ ಟೈಲು ನೂರು ಗ್ರಾಂ ತೂಗಿದರೆ ಹತ್ತು ಗ್ರಾಮಿಗೂ ಹೆಚ್ಚು ನೀರು ಕುಡಿಯುತ್ತದೆ. ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಹಸಿ ಸಿಮೆಂಟಿನ ನೀರು ಆ ರಂಧ್ರಗಳಿಗೆ ಇಳಿಯುತ್ತದೆ, ಅಲ್ಲೇ ಸಿಮೆಂಟಿನ ಹರಳುಗಳು ಬೆಳೆಯುತ್ತವೆ. ಗೋಡೆಯ ಬಿರುಕಿಗೆ ಆಲದ ಬೇರು ಇಳಿದಂತೆ ಎರಡೂ ಕಚ್ಚಿಕೊಳ್ಳುತ್ತವೆ.

ನೆಲಕ್ಕೆ ಈಗ ಎಲ್ಲರೂ ಹಾಕಿಸುವ ವಿಟ್ರಿಫೈಡ್ ಟೈಲಿನ ಜಾತಿಯೇ ಬೇರೆ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಮಣ್ಣು ಅರೆಬರೆ ಕರಗಿ ಗಾಜಾಗಿ ರಂಧ್ರಗಳೆಲ್ಲ ಮುಚ್ಚಿಹೋಗಿರುತ್ತವೆ. ನೂರು ಗ್ರಾಮಿಗೆ ಅರ್ಧ ಗ್ರಾಮಿಗಿಂತ ಹೆಚ್ಚು ನೀರು ಅದು ಕುಡಿಯುವಂತಿಲ್ಲ. ಕಲೆ ಹಿಡಿಯದಿರುವುದು, ಸವೆಯದಿರುವುದು ಎಲ್ಲ ಆ ಗುಣದಿಂದಲೇ. ಬರೀ ಸಿಮೆಂಟಿಗೆ ಅಂಟದಿರುವುದೂ ಅದರಿಂದಲೇ. ಇಷ್ಟು ಸಾಲದೆಂಬಂತೆ, ಗೂಡಿನ ಉರುಳೆಗಳಿಗೆ ಮೆತ್ತದಿರಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಬಿಳಿ ಪುಡಿಯೂ ಬೆನ್ನ ಮೇಲೆ ಉಳಿದಿರುತ್ತದೆ. ಒದ್ದೆ ಸ್ಪಂಜಿನಿಂದ ಒರೆಸದಿದ್ದರೆ ಅಂಟಿಗೂ ಟೈಲಿಗೂ ನಡುವೆ ಪೌಡರ್ ಬಳಿದ ಹಾಗೆ.

ಟೈಲನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸುವ ಪದ್ಧತಿ ಇದೆಯಲ್ಲ, ಅದು ಹುಟ್ಟಿದ್ದು ನೀರು ಕುಡಿಯುವ ಟೈಲುಗಳಿಗಾಗಿ. ನೆನೆಸದಿದ್ದರೆ ಅವು ಸಿಮೆಂಟಿನ ಪಾಲಿನ ನೀರನ್ನೂ ಹೀರಿ ಅದನ್ನು ಪುಡಿಪುಡಿ ಮಾಡಿಬಿಡುತ್ತವೆ. ವಿಟ್ರಿಫೈಡ್ ಟೈಲನ್ನು ಎಷ್ಟು ದಿನ ನೆನೆಸಿದರೂ ಏನೂ ಆಗದು. ಅದಕ್ಕೆ ಬೇಕಾದದ್ದು ಮೇಸ್ತ್ರಿಗಳು ‘ಗಮ್’ ಎನ್ನುವ ಅಂಟು. ಅದರಲ್ಲಿ ಸಿಮೆಂಟು, ಮರಳಿನ ಜೊತೆಗೆ ಪಾಲಿಮರ್ ಪುಡಿ ಇರುತ್ತದೆ. ಒಣಗುವಾಗ ಅದು ಸಣ್ಣ ರಬ್ಬರಿನಂಥ ಪೊರೆಯಾಗಿ ನುಣುಪು ಬೆನ್ನನ್ನೂ ಹಿಡಿಯುತ್ತದೆ, ಸ್ವಲ್ಪ ಬಾಗಲೂ ಬಿಡುತ್ತದೆ. ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕವಿದೆಯೇ ನೋಡಿ, ಟೈಪ್ ಎಷ್ಟೆಂದೂ ನೋಡಿ. ಟೈಪ್ 1 ಮಾಮೂಲಿ ಸೆರಾಮಿಕ್ಕಿಗೆ. ವಿಟ್ರಿಫೈಡ್‌ಗೆ 2 ಅಥವಾ ಮೇಲಿನದು ಬೇಕು.

ಅಂಟಲಿಲ್ಲ, ಸರಿ. ಹಾಗಾದರೆ ಎದ್ದು ನಿಂತದ್ದೇಕೆ?

ಕಾಂಕ್ರೀಟು ಗಟ್ಟಿಯಾದ ಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಳಗಿನ ತೇವ ಬಿಡುತ್ತಲೇ ಇರುತ್ತದೆ. ಬಿಟ್ಟಂತೆಲ್ಲ ಕುಗ್ಗುತ್ತದೆ. ಮೀಟರಿಗೆ ಅರ್ಧ ಮಿಲಿಮೀಟರ್ ಕುಗ್ಗಿತೆಂದರೂ 5 ಮೀಟರ್ ಹಾಲಿಗೆ ಎರಡೂವರೆ ಮಿಲಿಮೀಟರ್ ಆಯಿತು. ಮೇಲಿನ ಟೈಲು ಕುಗ್ಗುವುದಿಲ್ಲ. ಚಳಿಗೂ ಎರಡರ ಸ್ಪಂದನ ಬೇರೆ ಬೇರೆ: ಕಾಂಕ್ರೀಟು ಟೈಲಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಮುದುಡುತ್ತದೆ. ನೆಲ ಚಿಕ್ಕದಾಗುತ್ತಾ ಬಂತು, ಟೈಲುಗಳ ಸಾಲು ಹೆಚ್ಚುಕಡಿಮೆ ಇದ್ದಷ್ಟೇ ಉದ್ದ ಉಳಿಯಿತು, ಎರಡೂ ತುದಿಯಲ್ಲಿ ಗೋಡೆ. ಹಿಡಿತವಿಲ್ಲದ ಟೈಲುಗಳಿಗೆ ಉಳಿದ ದಾರಿ ಮೇಲಕ್ಕೆ ಏಳುವುದೊಂದೇ.

ನನ್ನನ್ನು ಬೆರಗುಗೊಳಿಸಿದ್ದು ಅದರ ಲೆಕ್ಕ. 600 ಮಿಲಿಮೀಟರಿನ ಎರಡು ಟೈಲುಗಳನ್ನು ಎರಡೂ ಕಡೆಯಿಂದ ಒತ್ತಿ, ಒಟ್ಟು ಉದ್ದ 1 ಮಿಲಿಮೀಟರ್ ಮಾತ್ರ ಕಡಿಮೆಯಾಯಿತು ಎನ್ನೋಣ. ನಡುವಿನ ಸಂದು ಎಷ್ಟು ಮೇಲೇಳಬೇಕು? ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸೂತ್ರ ಹಾಕಿ ನೋಡಿ, 24 ಮಿಲಿಮೀಟರಿಗೂ ಹೆಚ್ಚು. ಉಗುರಿನ ದಪ್ಪದಷ್ಟು ಕುಗ್ಗಿದರೆ ಹೆಬ್ಬೆರಳಿನ ಅಗಲದಷ್ಟು ಏಳುತ್ತದೆ. ಒತ್ತಡ ವರ್ಷಗಟ್ಟಲೆ ಮೌನವಾಗಿ ಕೂಡಿಕೊಳ್ಳುತ್ತದೆ, ಒಂದು ಚಳಿಯ ನಸುಕಿನಲ್ಲಿ ಒಂದೇ ಸಲ ಬಿಡುತ್ತದೆ. ನಮ್ಮನ್ನು ಎಬ್ಬಿಸಿದ್ದು ಆ ಸದ್ದು.

ಇದರಲ್ಲಿ ನನ್ನ ತಪ್ಪೂ ಇದೆ. “ಸಂದೇ ಕಾಣಬಾರದು, ಕನ್ನಡಿ ಥರ ಇರಬೇಕು” ಎಂದು ಹಟ ಹಿಡಿದವನು ನಾನು. ಮನೆ ಕಟ್ಟಿಸುವ ಬಹುಪಾಲು ಜನ ಹೀಗೇ ಕೇಳುತ್ತಾರೆ, ಕೆಲಸದವರು ಒತ್ತೊತ್ತಾಗಿ ಕೂರಿಸಿ ಕೊಡುತ್ತಾರೆ. ಸಂದು ಟೈಲಿಗೆ ಕುಂದು ಎಂದು ತಿಳಿದದ್ದೇ ದೊಡ್ಡ ತಪ್ಪು. ಟೈಲು ಟೈಲಿನ ನಡುವೆ ಎರಡು ಮೂರು ಮಿಲಿಮೀಟರ್ ಸ್ಪೇಸರ್ ಇಟ್ಟು ಗ್ರೌಟ್ ತುಂಬಿಸಬೇಕು. ಗೋಡೆಯ ಬುಡದಲ್ಲಿ ಸುತ್ತಲೂ 6ರಿಂದ 8 ಮಿಲಿಮೀಟರ್ ಖಾಲಿ ಬಿಡಬೇಕು. ಅದು ಹೇಗೂ ಸ್ಕರ್ಟಿಂಗ್ ಅಡಿ ಮುಚ್ಚಿಹೋಗುತ್ತದೆ. ಆ ಜಾಗಕ್ಕೆ ಸಿಮೆಂಟ್ ಮಾತ್ರ ತುರುಕಬಾರದು. ಬಿಸಿಲು ಬೀಳುವ ತಾರಸಿ, ಬಾಲ್ಕನಿಗಳಲ್ಲಿ ಸುಮಾರು 3 ಮೀಟರಿಗೊಂದು ಸಂದನ್ನು ಸಿಲಿಕೋನಿನಂಥ ಮೆತ್ತನೆಯ ವಸ್ತುವಿನಿಂದ ತುಂಬಿಸಬೇಕು.

ಹಿರಿಯ ಮೇಸ್ತ್ರಿ ಹೊಸದಾಗಿ ಹಾಕಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಗಮ್ಮನ್ನು ನೀರಿಗೆ ಹಾಕಿ ಕಲಸಿ ಐದು ನಿಮಿಷ ಸುಮ್ಮನೆ ಬಿಟ್ಟರು, ಮತ್ತೊಮ್ಮೆ ಕಲಸಿದರು. ಆಮೇಲೆ ಎಷ್ಟು ಗಟ್ಟಿಯಾಗುತ್ತಾ ಬಂದರೂ ನೀರು ಸೇರಿಸಲಿಲ್ಲ. ಹಲ್ಲಿನ ಕರಣೆಯಿಂದ ನೆಲದ ಮೇಲೆ ಉದ್ದುದ್ದ ಗೆರೆ ಎಳೆದರು, ಹೊಲದಲ್ಲಿ ನೇಗಿಲ ಸಾಲು ಎಳೆದಂತೆ, ಎಲ್ಲವೂ ಒಂದೇ ದಿಕ್ಕಿಗೆ. ಸುತ್ತು ಸುತ್ತಾಗಿ ಎಳೆದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ನೇರ ಸಾಲಾದರೆ ಟೈಲು ಒತ್ತಿದಾಗ ಗಾಳಿಗೆ ಹೊರಗೆ ಹೋಗಲು ದಾರಿಯಿರುತ್ತದೆ. ಟೈಲಿಟ್ಟು ಸಾಲುಗಳಿಗೆ ಅಡ್ಡಲಾಗಿ ಹಿಂದೆ ಮುಂದೆ ಅಲುಗಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ರಸಮಟ್ಟ ಇಟ್ಟು ನೋಡಿದರು. ಮಧ್ಯೆ ಚಹಾಕ್ಕೆ ಎದ್ದು ಬಂದವರು, ಬಳಿದಿಟ್ಟಿದ್ದ ಗಮ್ಮನ್ನು ಬೆರಳಿಂದ ಮುಟ್ಟಿದರು. ಬೆರಳಿಗೆ ಅಂಟಲಿಲ್ಲ, ಮೇಲೆ ಕೆನೆ ಕಟ್ಟಿತ್ತು. ಕೆರೆದು ಎಸೆದು ಹೊಸದು ಬಳಿದರು.

ಬಚ್ಚಲ ಗೋಡೆಯದೂ ಇದೇ ಕಥೆ. ಟೈಲಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಮುದ್ದೆ ಸಿಮೆಂಟ್ ಇಟ್ಟು ಗೋಡೆಗೆ ಒತ್ತುವ ರೂಢಿ ಇನ್ನೂ ಇದೆ. ಮುದ್ದೆಗಳ ನಡುವಿನ ಟೊಳ್ಳಿನಲ್ಲಿ ನೀರು ಕೂರುತ್ತದೆ, ಟವೆಲ್ ಕಂಬಿಗೆ ತೂತು ಕೊರೆಯಲು ಹೋದರೆ ಅಲ್ಲೇ ಬಿರುಕು. ಒಣ ಜಾಗದಲ್ಲಿ ಬೆನ್ನಿನ ನೂರಕ್ಕೆ 80 ಪಾಲು, ನೀರು ಬೀಳುವ ಕಡೆ 95 ಪಾಲು ಅಂಟಿನಿಂದ ತುಂಬಿರಬೇಕು. ಹಾಗೆಂದು ಟೈಲು, ಗ್ರೌಟ್ ಸೇರಿ ನೀರು ತಡೆಯುತ್ತವೆ ಎಂದು ನಂಬಬೇಡಿ. ತಡೆಯುವುದು ಅವುಗಳಡಿಯ ವಾಟರ್‌ಪ್ರೂಫಿಂಗ್ ಪದರ. ಅದನ್ನು ಬಳಿದ ಮೇಲೆ ಒಂದು ಇಡೀ ದಿನ ಬಚ್ಚಲಲ್ಲಿ ನೀರು ಕಟ್ಟಿ ನಿಲ್ಲಿಸಿ, ಕೆಳಮನೆಯ ಚಾವಣಿ ನೋಡಿಕೊಂಡು ಬಂದು ಟೈಲು ಹಾಕಿಸಿ. ಬಚ್ಚಲ ನೆಲದ ವಾಟ ಮೀಟರಿಗೆ ಒಂದೂವರೆ, ಎರಡು ಸೆಂಟಿಮೀಟರ್ ಇದ್ದರೆ ಸಾಕು.

ನಮ್ಮ ಹಾಲಿನ ಮೂರನೇ ಸಾಲು ಮುಗಿಸಿದ ಮೇಲೆ ಮೇಸ್ತ್ರಿ ಒಂದು ಕೆಲಸ ಮಾಡಿದರು. ಆಗಷ್ಟೇ ಚೆನ್ನಾಗಿ ಕೂರಿಸಿದ್ದ ಟೈಲೊಂದನ್ನು ಕರಣೆಯಿಂದ ಮೀಟಿ ಎಬ್ಬಿಸಿ ನನ್ನತ್ತ ತಿರುಗಿಸಿದರು. ಬೆನ್ನ ತುಂಬ, ಮೂಲೆಯವರೆಗೂ ಬೂದು ಬಣ್ಣದ ಅಂಟು ಮೆತ್ತಿತ್ತು. ಒಂದು ಬೆರಳಗಲವೂ ಬಿಳಿ ಜಾಗ ಇರಲಿಲ್ಲ. “ನೋಡ್ಕಳಿ ಸಾರ್” ಎಂದು ಇನ್ನೊಂದಿಷ್ಟು ಗಮ್ ಬಳಿದು, ಅದನ್ನು ಅದರ ಜಾಗದಲ್ಲಿ ಕೂರಿಸಿ ನಾಲ್ಕನೇ ಸಾಲಿಗೆ ದಾರ ಕಟ್ಟಿದರು.